ಪದ ಪರಿಚಯ: ಕುರುಚಲು

'ಕುರು' ಎಂದರೆ ಗಿಡ್ಡ, ಸಣ್ಣದು. ಹಳಗನ್ನಡದಲ್ಲಿ ಇದನ್ನು ಶಕಟರೇಫ ಬಳಸಿ 'ಕುಱು' ಎಂದು ಬರೆಯುತ್ತಿದ್ದರು. ಎರಡು ಸಾಲಿನ ಪುಟ್ಟ ಪದ್ಯವಾದ ತಮಿಳಿನ 'ಕುರಳ್' ಕೂಡ ಇದೇ ಬೇರಿನದು. ಕ್ಷೌರ ಕಾಣದ ಮುಖದ್ದು ಕುರುಚಲು ಗಡ್ಡ; ಆಳೆತ್ತರದ ಪೊದೆಗಳದ್ದು ಕುರುಚಲು ಕಾಡು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಕಾಡು ಎಂದರೆ ಬಹುಪಾಲು ಇದೇ. ಮಳೆ ಕಡಿಮೆ, ಮಣ್ಣು ತೆಳು. ಮೇಲೆ ಕೊಡಲಿ, ಮೇವು, ಬೆಂಕಿ. ಹಾಗಾಗಿ ಕವಳೆ, ಬಾರೆ, ತುಗ್ಗಲಿ ಗಿಡಗಳು ಬುಡದಿಂದಲೇ ಕವಲೊಡೆಯುತ್ತವೆ.

ಹೀಗೆ ಬುಡದಲ್ಲೇ ಕವಲೊಡೆಯುವುದು ಕಾಡಿನ ಅಳತೆಗೂ ತೊಡಕು. ಕಾಡಿನ ಜೀವರಾಶಿಯ ತೂಕ ಅಂದಾಜಿಸುವವರು ನೆಲದಿಂದ 1.3 ಮೀಟರ್ ಮೇಲೆ ಕಾಂಡದ ಸುತ್ತಳತೆ ಹಿಡಿದು, ಮರದ ಎತ್ತರ, ಕಟ್ಟಿಗೆಯ ಸಾಂದ್ರತೆ ಸೇರಿಸಿ ಲೆಕ್ಕ ಹಾಕುತ್ತಾರೆ. ಕೆಲವೇ ದೊಡ್ಡ ಮರಗಳು ತೂಕದ ದೊಡ್ಡ ಪಾಲು ಹೊತ್ತಿರುತ್ತವೆ. ಅಳತೆ ಒಂದೇ ಇದ್ದರೂ ಗಟ್ಟಿ ಕಮರದ ಮರ ಹಗುರ ಬೂರುಗಕ್ಕಿಂತ ಬಹಳ ಹೆಚ್ಚು ತೂಗುತ್ತದೆ. ಕುರುಚಲಿನಲ್ಲಿ ಆ ಎತ್ತರಕ್ಕೆ ಕಾಂಡವೇ ಸಿಗದಿದ್ದರೆ ಬುಡದಲ್ಲಿ ಅಳೆಯಬೇಕು.

ಕುರುಚಲು ಪಾಳು ನೆಲವಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಕರಡಿಗಳಿಗೆ ಹಣ್ಣು, ಗೆದ್ದಲು, ಜೇನು ಒದಗುವುದು ಇಲ್ಲಿಯೇ. ಕೊಡಲಿ, ಬೆಂಕಿ ತಾಗದಂತೆ ಕಾದರೆ ಕಡಿದ ಬುಡಗಳು ಚಿಗುರಿ ಮರವಾಗುತ್ತವೆ, ಕಾಡಿನ ತೂಕವೂ ಏರುತ್ತದೆ.