ವಿಳಂಬ ಸ್ವಿಚ್

ವಿಳಂಬ ಸ್ವಿಚ್ ಎಂಬುದು ವಿದ್ಯುತ್ ಬಂದ ಕೂಡಲೇ ಉಪಕರಣವನ್ನು ಚಾಲನೆಗೊಳಿಸದೆ, ಮೊದಲೇ ಗೊತ್ತುಪಡಿಸಿದ ಕಾಲ ಕಳೆದ ನಂತರ ಮಾತ್ರ ಅದಕ್ಕೆ ಸಂಪರ್ಕ ಕಲ್ಪಿಸುವ ಸಾಧನ. ಗಣಕಯಂತ್ರದ ಧ್ವನಿವರ್ಧಕ ಹಾಗೂ ಬಾಹ್ಯ ಹಾರ್ಡ್ ಡಿಸ್ಕ್, ಮನೆಯ ಫ್ರಿಜ್, ಹೊಲದ ಪಂಪ್‌ಸೆಟ್ ಮೊದಲಾದವುಗಳಲ್ಲಿ ಇದರ ಬಳಕೆಯಿದೆ.

ಅಗತ್ಯ

ವಿದ್ಯುತ್ ಕಡಿತವಾಗಿ ಮರಳಿ ಬರುವಾಗ ಮೊದಲ ಕೆಲವು ಕ್ಷಣಗಳಲ್ಲಿ ವೋಲ್ಟೇಜ್ ಏರಿಳಿಯುವುದುಂಟು. ಕೆಲವೊಮ್ಮೆ ಬಂದ ವಿದ್ಯುತ್ ಮತ್ತೆ ಹೋಗುವುದೂ ಉಂಟು. ಹೀಗೆ ಪದೇ ಪದೇ ಚಾಲೂ ಆಗಿ ನಿಲ್ಲುವುದು ಹಾರ್ಡ್ ಡಿಸ್ಕ್‌ನಂಥ ಸೂಕ್ಷ್ಮ ಉಪಕರಣಕ್ಕೆ ಹಾನಿಕರ. ವಿಳಂಬ ಸ್ವಿಚ್ ಪೂರೈಕೆ ಸ್ಥಿರಗೊಳ್ಳುವವರೆಗೆ ಉಪಕರಣವನ್ನು ದೂರವಿಡುತ್ತದೆ. ಧ್ವನಿವರ್ಧಕವನ್ನು ಕೆಲವು ಸೆಕೆಂಡು ತಡವಾಗಿ ಜೋಡಿಸಿದರೆ, ಗಣಕಯಂತ್ರ ಆರಂಭವಾಗುವಾಗ ಕೇಳಿಬರುವ 'ಧಡ್' ಎಂಬ ಸದ್ದು ತಪ್ಪುತ್ತದೆ. ಫ್ರಿಜ್‌ನ ಕಂಪ್ರೆಸರ್ ನಿಂತ ಬಳಿಕ ಒಳಗಿನ ಒತ್ತಡ ಸಮಗೊಳ್ಳಲು ಕೆಲವು ನಿಮಿಷ ಬೇಕಾಗುವುದರಿಂದ ಅದರ ಸ್ಟೆಬಿಲೈಸರ್‌ಗಳಲ್ಲಿ ಸಾಮಾನ್ಯವಾಗಿ ಸುಮಾರು 3 ನಿಮಿಷಗಳ ವಿಳಂಬವಿರುತ್ತದೆ.

ಚಿಕ್ಕೋಡಿ ಭಾಗದಲ್ಲಿ ಮಹತ್ವ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಆಸರೆಯಲ್ಲಿ ಕಬ್ಬು ಬೆಳೆಯುವ ಪ್ರದೇಶಕ್ಕೆ ಸೇರಿವೆ. ಇಲ್ಲಿಗೆ ವಿದ್ಯುತ್ ಪೂರೈಸುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ (ಹೆಸ್ಕಾಂ). ಹೊಲಗಳಿಗೆ ಮೂರು ಫೇಸ್ ವಿದ್ಯುತ್ ನಿಗದಿತ ಗಂಟೆಗಳಲ್ಲಿ ಮಾತ್ರ ದೊರೆಯುವ ಕಡೆ ರೈತರು ಪಂಪ್‌ಸೆಟ್ಟಿಗೆ 'ಆಟೋ ಸ್ವಿಚ್' ಅಳವಡಿಸುತ್ತಾರೆ. ವಿದ್ಯುತ್ ಬಂದೊಡನೆ ಪಂಪು ತಾನಾಗಿಯೇ ಚಾಲೂ ಆಗುವುದರಿಂದ ರಾತ್ರಿ ಹೊಲಕ್ಕೆ ಹೋಗುವ ಕಷ್ಟ ತಪ್ಪುತ್ತದೆ. ಆದರೆ ಎಲ್ಲ ಪಂಪುಗಳೂ ಏಕಕಾಲಕ್ಕೆ ಚಾಲೂ ಆದರೆ ಟ್ರಾನ್ಸ್‌ಫಾರ್ಮರ್ ಮೇಲೆ ಅತಿಭಾರ ಬೀಳುತ್ತದೆ.

ಮೋಟಾರು ನೇರವಾಗಿ ಆರಂಭವಾಗುವಾಗ ಪೂರ್ಣ ಹೊರೆಯ ಪ್ರವಾಹದ 5ರಿಂದ 7 ಪಟ್ಟು ಪ್ರವಾಹವನ್ನು ಸೆಳೆಯುತ್ತದೆ. 5 ಅಶ್ವಶಕ್ತಿಯ ಮೋಟಾರಿನ ಪೂರ್ಣ ಹೊರೆಯ ಪ್ರವಾಹ ಸುಮಾರು 7 ಆಂಪಿಯರ್. ಆರಂಭದಲ್ಲಿ ಆರು ಪಟ್ಟು ಎಂದರೆ 42 ಆಂಪಿಯರ್. 63 ಕೆವಿಎ ಟ್ರಾನ್ಸ್‌ಫಾರ್ಮರ್ ಪ್ರತಿ ಫೇಸಿಗೆ ಸುಮಾರು 85 ಆಂಪಿಯರ್ ನೀಡಬಲ್ಲದು. ಇಂಥ ಮೂರು ಮೋಟಾರುಗಳು ಒಮ್ಮೆಲೇ ಆರಂಭವಾದರೆ 126 ಆಂಪಿಯರ್ ಬೇಕಾಗುತ್ತದೆ. ಒಂದರ ನಂತರ ಒಂದು ಆರಂಭವಾದರೆ ಮೂರನೆಯದು ಚಾಲೂ ಆಗುವ ಹೊತ್ತಿಗೂ ಒಟ್ಟು ಪ್ರವಾಹ 56 ಆಂಪಿಯರ್ ಮೀರುವುದಿಲ್ಲ. ನೆರೆಹೊರೆಯ ರೈತರು ತಮ್ಮ ಆಟೋ ಸ್ವಿಚ್‌ಗಳಲ್ಲಿ ಬೇರೆ ಬೇರೆ ವಿಳಂಬವನ್ನು ಹೊಂದಿಸಿಕೊಂಡರೆ ಫ್ಯೂಸ್ ಹೋಗುವ, ಟ್ರಾನ್ಸ್‌ಫಾರ್ಮರ್ ಸುಡುವ ಅಪಾಯ ತಗ್ಗುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಅದು ಬದಲಾಗುವವರೆಗೆ ಬೆಳೆಗೆ ನೀರಿಲ್ಲ.

ಕಾರ್ಯತತ್ವ

ರೋಧಕದ ಮೂಲಕ ಧಾರಕವು (ಕೆಪಾಸಿಟರ್) ನಿಧಾನವಾಗಿ ಆವೇಶಗೊಳ್ಳುವುದೇ ಸರಳ ವಿಳಂಬ ಸ್ವಿಚ್‌ನ ಆಧಾರ. ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಬಿಡಿಭಾಗ 555 ಟೈಮರ್. ಇದನ್ನು ಹಾನ್ಸ್ ಕಾಮೆನ್‌ಜಿಂಡ್ ಅವರು 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ವಿನ್ಯಾಸಗೊಳಿಸಿದರು.

ಗಣಕಯಂತ್ರದ ಉಪಕರಣಕ್ಕೆ ರಚನೆ

5 ವೋಲ್ಟ್ ಪೂರೈಕೆಯ ರಚನೆ ಹೀಗಿದೆ:

1. ಟೈಮರ್‌ನ 8 ಮತ್ತು 4ನೆಯ ಕಾಲುಗಳನ್ನು ಧನ ತಂತಿಗೆ, 1ನೆಯದನ್ನು ಋಣ ತಂತಿಗೆ ಜೋಡಿಸಬೇಕು. 5ನೆಯ ಕಾಲಿನಿಂದ ಋಣ ತಂತಿಗೆ 0.01 ಮೈಕ್ರೋಫ್ಯಾರಡ್ ಧಾರಕವಿರಬೇಕು. 7ನೆಯ ಕಾಲು ಖಾಲಿ.
2. 2 ಮತ್ತು 6ನೆಯ ಕಾಲುಗಳನ್ನು ಒಂದಕ್ಕೊಂದು ಸೇರಿಸಬೇಕು. 100 ಮೈಕ್ರೋಫ್ಯಾರಡ್ ಧಾರಕದ ಧನ ತುದಿಯನ್ನು ಧನ ತಂತಿಗೆ, ಋಣ ತುದಿಯನ್ನು ಈ ಸಂಧಿಗೆ ಜೋಡಿಸಬೇಕು.
3. ಅದೇ ಸಂಧಿಯಿಂದ ಋಣ ತಂತಿಗೆ 100 ಕಿಲೋ ಓಮ್ ರೋಧಕವಿರಬೇಕು. ಅದಕ್ಕೆ ಸಮಾಂತರವಾಗಿ, ಕ್ಯಾಥೋಡ್ ಸಂಧಿಯ ಕಡೆಗಿರುವಂತೆ, 1ಎನ್4148 ಡಯೋಡ್ ಇರಬೇಕು.
4. 3ನೆಯ ಕಾಲಿನಿಂದ 470 ಓಮ್ ರೋಧಕದ ಮೂಲಕ ಬಿಸಿ 337 ಟ್ರಾನ್ಸಿಸ್ಟರ್‌ನ ಬೇಸ್‌ಗೆ ಸಂಪರ್ಕ ಕೊಡಬೇಕು. ಎಮಿಟರ್ ಋಣ ತಂತಿಗೆ. ಕಲೆಕ್ಟರ್ ಮತ್ತು ಧನ ತಂತಿಯ ನಡುವೆ 5 ವೋಲ್ಟ್ ರಿಲೇಯ ಸುರುಳಿ.
5. ಸುರುಳಿಗೆ ಅಡ್ಡಲಾಗಿ, ಕ್ಯಾಥೋಡ್ ಧನ ತಂತಿಯ ಕಡೆಗಿರುವಂತೆ, 1ಎನ್4007 ಡಯೋಡ್ ಜೋಡಿಸಬೇಕು. ಸುರುಳಿ ನಿಲ್ಲುವಾಗ ಹುಟ್ಟುವ ಹೆಚ್ಚಿನ ವೋಲ್ಟೇಜಿನಿಂದ ಇದು ಟ್ರಾನ್ಸಿಸ್ಟರ್ ಅನ್ನು ಕಾಪಾಡುತ್ತದೆ.
6. ಉಪಕರಣಕ್ಕೆ ಹೋಗುವ ಧನ ತಂತಿ ರಿಲೇಯ ಸಹಜವಾಗಿ ತೆರೆದಿರುವ ಸಂಪರ್ಕದ ಮೂಲಕ ಹಾದುಹೋಗಬೇಕು.

ವಿದ್ಯುತ್ ಬಂದ ಕ್ಷಣದಲ್ಲಿ ಸಂಧಿಯ ವೋಲ್ಟೇಜ್ ಪೂರೈಕೆಯಷ್ಟೇ ಇರುವುದರಿಂದ ರಿಲೇ ಸುಮ್ಮನಿರುತ್ತದೆ. ಧಾರಕ ಆವೇಶಗೊಂಡಂತೆ ಸಂಧಿಯ ವೋಲ್ಟೇಜ್ ಇಳಿದು, ಪೂರೈಕೆಯ ಮೂರನೆಯ ಒಂದು ಭಾಗವನ್ನು ಮುಟ್ಟಿದಾಗ ರಿಲೇ ಚಾಲೂ ಆಗುತ್ತದೆ. ವಿಳಂಬವು ರೋಧಕ ಮತ್ತು ಧಾರಕಗಳ ಬೆಲೆಗಳ ಗುಣಲಬ್ಧದ 1.1 ಪಟ್ಟು: ಮೇಲಿನ ಬೆಲೆಗಳಿಗೆ 11 ಸೆಕೆಂಡು, ರೋಧಕ 47 ಕಿಲೋ ಓಮ್ ಆದರೆ ಸುಮಾರು 5 ಸೆಕೆಂಡು. ವಿದ್ಯುತ್ ಹೋದಾಗ ಮೂರನೆಯ ಹಂತದ ಡಯೋಡ್ ಧಾರಕವನ್ನು ಬೇಗನೆ ಬರಿದುಮಾಡುವುದರಿಂದ ಚಿಕ್ಕ ಕಡಿತದ ನಂತರವೂ ಪೂರ್ಣ ವಿಳಂಬ ದೊರೆಯುತ್ತದೆ.

ಮಿತಿಗಳು ಮತ್ತು ಎಚ್ಚರಿಕೆ

ಎಲೆಕ್ಟ್ರೋಲಿಟಿಕ್ ಧಾರಕದ ಬೆಲೆಯಲ್ಲಿ ಶೇ. 20ರಷ್ಟು ವ್ಯತ್ಯಾಸ ಸಾಮಾನ್ಯವಾದ್ದರಿಂದ ವಿಳಂಬವೂ ಹೆಚ್ಚುಕಡಿಮೆಯಾಗುತ್ತದೆ. ಹಲವು ನಿಮಿಷಗಳ ವಿಳಂಬಕ್ಕೆ ಸಿಡಿ 4060ರಂಥ ಎಣಿಕೆಯ ಬಿಡಿಭಾಗ ಹೆಚ್ಚು ನಂಬಲರ್ಹ. ಯುಎಸ್‌ಬಿ 2.0 ಕಿಂಡಿಯು 500 ಮಿಲಿಆಂಪಿಯರ್‌ವರೆಗೆ ಮಾತ್ರ ಕೊಡಬಲ್ಲದು. ರಿಲೇಯ ಸುರುಳಿಗೇ ಸುಮಾರು 70 ಮಿಲಿಆಂಪಿಯರ್ ಬೇಕು. ಉಪಕರಣವನ್ನು ಜೋಡಿಸುವ ಮುನ್ನ ಮಲ್ಟಿಮೀಟರ್‌ನಿಂದ ಪರೀಕ್ಷಿಸಬೇಕು.

ಈ ರಚನೆ ಕಡಿಮೆ ವೋಲ್ಟೇಜಿಗೆ ಮಾತ್ರ ಸೂಕ್ತ. 230 ವೋಲ್ಟ್ ಅಥವಾ ಮೂರು ಫೇಸ್ ತಂತಿಗಳಿಗೆ ಸಿದ್ಧ ಟೈಮರ್‌ಗಳನ್ನು ಅರ್ಹ ವಿದ್ಯುತ್ ಕೆಲಸಗಾರರಿಂದಲೇ ಅಳವಡಿಸಬೇಕು. ಆಟೋ ಸ್ವಿಚ್ ಇರುವ ಪಂಪನ್ನು ದುರಸ್ತಿಗೆ ಮುಟ್ಟುವ ಮೊದಲು ಮುಖ್ಯ ಸ್ವಿಚ್ ತೆಗೆಯುವುದು ಕಡ್ಡಾಯ. ವಿದ್ಯುತ್ ಇಲ್ಲದಾಗ ನಿಂತಂತೆ ಕಾಣುವ ಪಂಪು, ವಿದ್ಯುತ್ ಬಂದು ವಿಳಂಬದ ಅವಧಿ ಮುಗಿದೊಡನೆ ಮುನ್ಸೂಚನೆಯಿಲ್ಲದೆ ತಿರುಗತೊಡಗುತ್ತದೆ.