ಗುಮ್ಮಟದ ಊರಿನ ನೀರು

ವಿಜಾಪುರಕ್ಕೆ ಹೋಗುವವರಿಗೆ ಊರು ಕಾಣುವ ಮೊದಲು ಗುಮ್ಮಟ ಕಾಣುತ್ತದೆ. ಸುತ್ತ ಮರವಿಲ್ಲದ ಎರೆಭೂಮಿ, ಅದರ ಮೇಲೆ ಜೋಳದ ಹೊಲ, ಹೊಲದ ಅಂಚಿನಲ್ಲಿ ಬೋಗುಣಿ ಬೋರಲು ಹಾಕಿದಂತೆ ಒಂದು ಕಪ್ಪು ಗುರುತು. ಅದು ಏರಿಳಿತದ ದಾರಿಯಲ್ಲಿ ಮರೆಯಾಗುತ್ತದೆ, ಮತ್ತೆ ಮೇಲೇಳುತ್ತದೆ. 2014ರಿಂದ ಊರಿನ ಅಧಿಕೃತ ಹೆಸರು ವಿಜಯಪುರ. ಆದರೆ ನಮ್ಮ ಕಡೆಯವರ ಬಾಯಲ್ಲಿ ರೂಢಿಯಾದದ್ದು ವಿಜಾಪುರ. ಇಲ್ಲಿಯೂ ಅದನ್ನೇ ಬಳಸುತ್ತೇನೆ.

ಹುಬ್ಬಳ್ಳಿಯಿಂದ ಅಲ್ಲಿಗೆ ಇನ್ನೂರು ಕಿಲೋಮೀಟರಿನ ಹತ್ತಿರ. ಹೋದ ಚಳಿಗಾಲದ ಸೂಟಿಯಲ್ಲಿ ಅವ್ವ, ನನ್ನ ಹೆಂಡತಿ, ಎರಡು ಮಕ್ಕಳು, ನಾನು, ಹೀಗೆ ಐದು ಜನ ಒಂದು ಕಾರಿನಲ್ಲಿ ನಸುಕಿಗೇ ಹೊರಟೆವು. ನವಲಗುಂದ, ನರಗುಂದಗಳನ್ನು ದಾಟಿದ ಮೇಲೆ ಮಲಪ್ರಭೆ, ಆಮೇಲೆ ಘಟಪ್ರಭೆ, ಕೊನೆಗೆ ಕೋಲ್ಹಾರದ ಬಳಿ ಕೃಷ್ಣೆ. ಆಲಮಟ್ಟಿಯ ಹಿನ್ನೀರಿನಿಂದ ಅಲ್ಲಿ ಕೃಷ್ಣೆ ನದಿಯಂತಲ್ಲ, ಸಮುದ್ರದ ತುಂಡಿನಂತೆ ಕಾಣುತ್ತಾಳೆ. ಆ ನೀರಿನ ಕೆಳಗೆ ಹಳೆಯ ಕೋಲ್ಹಾರ ಇದೆ. ಹೊಸ ಕೋಲ್ಹಾರದಲ್ಲಿ ಮಣ್ಣಿನ ಗಡಿಗೆಯ ಗಟ್ಟಿ ಮೊಸರು ಇಂದಿಗೂ ಸಿಗುತ್ತದೆ. ಅಖಂಡ ವಿಜಾಪುರ ಜಿಲ್ಲೆಯನ್ನು ಪಂಚನದಿಗಳ ಬೀಡೆಂದು ಹೊಗಳುವುದು ವಾಡಿಕೆಯಾಗಿತ್ತು. ಹೊಗಳಿಕೆ ಸರಿಯೆ, ಆದರೆ ಆ ಐದರಲ್ಲಿ ಒಂದೂ ವಿಜಾಪುರ ಪಟ್ಟಣದ ಮಗ್ಗುಲಲ್ಲಿ ಹರಿಯುವುದಿಲ್ಲ. ಕೃಷ್ಣೆಗೂ ಭೀಮೆಗೂ ನಡುವಿನ ಒಣ ದಿಣ್ಣೆಯ ಮೇಲೆ ಆದಿಲಶಾಹಿಗಳು ರಾಜಧಾನಿ ಕಟ್ಟಿಕೊಂಡರು. ಈ ಮಾತನ್ನು ಪ್ರವಾಸಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಗೋಲಗುಮ್ಮಟದ ಅಳತೆಗಳನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿರುತ್ತಾರೆ. ಒಳಗೆ ಕಾಲಿಟ್ಟಾಗ ಆ ಅಂಕಿಗಳು ಯಾವ ಉಪಯೋಗಕ್ಕೂ ಬರುವುದಿಲ್ಲ. ನನ್ನ ಮಗಳು ಮೊದಲು ಕೇಳಿದ್ದು, "ಅಪ್ಪಾ, ಕಂಬ ಎಲ್ಲಿ ಅದಾವು?" ಎಂದು. ಸರಿಯಾದ ಪ್ರಶ್ನೆ. ಸುಮಾರು 135 ಅಡಿ ಪಾರ್ಶ್ವದ ಚೌಕ ಹಜಾರ, ನೆಲವೇ 18,000 ಚದರ ಅಡಿಗೂ ಮಿಗಿಲು, ನಡುವೆ ಒಂದು ಕಂಬವೂ ಇಲ್ಲ. ರೋಮಿನ ಪ್ಯಾಂಥಿಯನ್ನಿನ ಗುಮ್ಮಟ ಅಡ್ಡಳತೆಯಲ್ಲಿ ಇದಕ್ಕಿಂತ ದೊಡ್ಡದು. ಆದರೆ ಅದು ದುಂಡು ಗೋಡೆಯ ಮೇಲೆ ಕುಳಿತ ದುಂಡು ಗುಮ್ಮಟ. ಇಲ್ಲಿಯ ಕೆಲಸಗಾರರ ಮುಂದಿದ್ದದ್ದು ಚೌಕವನ್ನು ದುಂಡು ಮಾಡುವ ಕಷ್ಟ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟರೆ ಎಂಟು ಮೂಲೆಗಳ ನಕ್ಷತ್ರವಾಗುತ್ತದೆ. ಹಾಗೆ ಎಂಟು ಕಮಾನುಗಳನ್ನು ಒಂದರೊಳಗೊಂದು ಹೆಣೆದು, ಮೇಲೆ ಹೋದಂತೆಲ್ಲ ಒಳಕ್ಕೆ ಚಾಚಿ, ತುದಿಯಲ್ಲಿ ದುಂಡು ಅಂಚನ್ನು ಪಡೆದರು. ಸುಮಾರು 110 ಅಡಿ ಎತ್ತರದಲ್ಲಿ, 11 ಅಡಿ ಅಗಲದ ಜಗಲಿ ಆ ಅಂಚಿನ ಮೇಲೇ ಸುತ್ತುತ್ತದೆ. ಗುಮ್ಮಟದ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳಲು ನೋಡುತ್ತದೆ. ಒಳಕ್ಕೆ ಜೋತ ಈ ಕಲ್ಲುಗಾರೆಯ ಭಾರ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಎರಡು ಭಾರಗಳ ಜಗಳದಲ್ಲಿ ಕಟ್ಟಡ ನೆಮ್ಮದಿಯಾಗಿ ನಿಂತಿದೆ.

ಎಲ್ಲರೂ ಏಳು ಅಂತಸ್ತು ಹತ್ತಿ ಹೋಗುವುದು ದನಿ ಕೇಳಲಿಕ್ಕೆ. ಒಂದು ಮೂಲೆಯಲ್ಲಿ ಪಿಸುಗುಟ್ಟಿದ್ದು 124 ಅಡಿ ಆಚೆಯ ಎದುರು ಗೋಡೆಯಲ್ಲಿ ಕೇಳುತ್ತದೆ ಎಂಬುದು ನಿಜ. ಆದರೆ ಅದಕ್ಕೆ ಮುಂಜಾನೆ ಬಾಗಿಲು ತೆರೆದ ಕೂಡಲೆ ಹೋಗಬೇಕು. ಹತ್ತು ಗಂಟೆಯ ಮೇಲೆ ಹೋದವರಿಗೆ ಪಿಸುಮಾತು ಇರಲಿ, ಪಕ್ಕದವರ ಮಾತೂ ಕೇಳಿಸದು. ಶಾಲೆಯ ಹುಡುಗರು ಸಿಳ್ಳು ಹಾಕುತ್ತಾರೆ, ಗುಮ್ಮಟ ಅದನ್ನು ಏಳೆಂಟು ಸಲ ತಿರುಗಿಸಿ ಹೇಳುತ್ತದೆ. ಸತ್ತವರ ತಲೆಯ ಮೇಲೆ ಇಷ್ಟು ಗದ್ದಲ ನಡೆಯುವ ಗೋರಿ ಇನ್ನೊಂದು ಇರಲಾರದು.

ಅವ್ವ ಹತ್ತಲಿಲ್ಲ. ಕೆಳಗೆ ಕಟ್ಟೆಯ ಬಳಿ ಕುಳಿತಿದ್ದಳು. ಅಲ್ಲಿ ಮಹಮ್ಮದ ಆದಿಲಶಾಹ, ಅವನ ಬೇಗಮರು, ಅವನಿಗೆ ಪ್ರಿಯಳಾಗಿದ್ದ ರಂಭಾ, ಮಗಳು, ಮೊಮ್ಮಗ, ಇವರ ಗೋರಿಗಳ ಗುರುತುಗಳಿವೆ. ನಿಜವಾದ ಗೋರಿಗಳು ನೆಲಮನೆಯಲ್ಲಿ. ನಾವು ಇಳಿದು ಬಂದಾಗ ಅವಳು ಕೇಳಿದ್ದು ಅರಸನ ವಿಷಯವಲ್ಲ. "ಇಷ್ಟು ಮಂದಿ ಕೆಲಸಕ್ಕ ಬಂದಿದ್ರಲ್ಲಪಾ, ಅವ್ರಿಗೆಲ್ಲಾ ಕುಡಿಯಾಕ ನೀರು ಎಲ್ಲಿಂದ ತರ್ತಿದ್ರು?" ಬರಗಾಲ ಕಂಡ ನಾಡಿನ ಹೆಂಗಸಿಗೆ ತೋಚುವ ಪ್ರಶ್ನೆ. ಅದರ ಉತ್ತರಕ್ಕೆ ಬರುವ ಮೊದಲು ಇನ್ನೆರಡು ಗೋರಿಗಳನ್ನು ನೋಡಬೇಕು. ಈ ಊರಿನ ಚರಿತ್ರೆ ತಂದೆ, ಮಗ, ಮೊಮ್ಮಗ ಮೂವರ ಗೋರಿಗಳಲ್ಲಿ ಓದುವಂತೆ ಇದೆ.

ತಂದೆ ಎರಡನೆಯ ಇಬ್ರಾಹಿಂ (1580–1627). ಅವನ ರೋಜಾ ಊರಿನ ಪಡುವಣ ತುದಿಯಲ್ಲಿದೆ, ಕೋಟೆಯ ಹೊರಗೆ; ಮಗನ ಗುಮ್ಮಟ ಮೂಡಣ ತುದಿಯಲ್ಲಿ. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಗೋರಿ, ಮಸೀದಿ. ಕಿಟಕಿಗಳಲ್ಲಿ ಕಲ್ಲನ್ನು ಕೊರೆದು ಅರಬ್ಬೀ ಅಕ್ಷರಗಳನ್ನೇ ಜಾಲಂದ್ರ ಮಾಡಿದ್ದಾರೆ. ಬೆಳಕು ಅಕ್ಷರಗಳ ಸಂದಿನಿಂದ ಒಳಗೆ ಬರುತ್ತದೆ. ಗೋರಿಯ ಕೋಣೆ 40 ಅಡಿ ಚೌಕ. ಅದರ ಮೇಲ್ಛಾವಣಿಯ ನಡುಭಾಗ ಚಪ್ಪಟೆ ಕಲ್ಲುಗಳದು. ಅವು ಯಾವ ಆಸರೆಯ ಮೇಲೆ ನಿಂತಿವೆಯೆಂಬುದು ಕಣ್ಣಿಗೆ ತಿಳಿಯುವುದಿಲ್ಲ. ಇದನ್ನು ಕಟ್ಟಿಸಿದ ಮಲಿಕ್ ಸಂದಲ್ ಖರ್ಚಿನ ಲೆಕ್ಕವನ್ನೂ ಶಾಸನದಲ್ಲಿ ಬರೆಸಿದ್ದಾನೆ, ಒಂದೂವರೆ ಲಕ್ಷ ಹೊನ್ನಿಗೆ ತುಸು ಮೇಲೆ. ಇಬ್ರಾಹಿಂ ದಖನಿ ಭಾಷೆಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಪುಸ್ತಕ ಬರೆದವನು. ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು. ಜನ ಅವನನ್ನು ಜಗದ್ಗುರು ಎಂದರು. ಅವನ ಗೋರಿಯೂ ಹಾಡಿನ ಅಳತೆಯಲ್ಲೇ ಇದೆ. ನನ್ನನ್ನು ಕೇಳಿದರೆ ವಿಜಾಪುರದಲ್ಲಿ ಒಂದೇ ಕಟ್ಟಡ ನೋಡಲು ವೇಳೆ ಇರುವವರು ನೋಡಬೇಕಾದದ್ದು ಇದು.

ಮಗ ಮಹಮ್ಮದ (1627–1656) ಚೆಲುವಿನಲ್ಲಿ ತಂದೆಯನ್ನು ಮೀರಲು ಸಾಧ್ಯವಿರಲಿಲ್ಲ, ಗಾತ್ರದಲ್ಲಿ ಮೀರಿದ. ಹಣಕ್ಕೆ ಕೊರತೆ ಇರಲಿಲ್ಲ. 1636ರಲ್ಲಿ ಶಹಜಹಾನನೊಡನೆ ಒಪ್ಪಂದವಾದ ಮೇಲೆ ಉತ್ತರದ ಬಾಗಿಲು ಮುಚ್ಚಿತು, ವಿಜಾಪುರದ ದಂಡು ದಕ್ಷಿಣಕ್ಕೆ ತಿರುಗಿತು. ಇಕ್ಕೇರಿ ಮಣಿಯಿತು, 1638ರಲ್ಲಿ ಬೆಂಗಳೂರು ಕೆಂಪೇಗೌಡರ ಕೈತಪ್ಪಿತು, ಮುಂದೆ ಜಿಂಜಿಯವರೆಗೆ ರಣದುಲ್ಲಾಖಾನ, ಶಹಾಜಿ ಮುಂತಾದವರ ದಂಡಯಾತ್ರೆಗಳು ನಡೆದವು. ಗುಮ್ಮಟದ ಸುಣ್ಣಗಾರೆಯಲ್ಲಿ ನಮ್ಮ ಕನ್ನಡ ಪಾಳೆಯಗಾರರ ಕಪ್ಪಕಾಣಿಕೆಯೂ ಕಲೆತಿದೆ ಎಂದು ನಾನು ತಿಳಿಯುತ್ತೇನೆ.

ಮೊಮ್ಮಗ ಎರಡನೆಯ ಅಲಿ (1656–1672) ಇಬ್ಬರನ್ನೂ ಮೀರಲು ಹೊರಟ. ಊರಿನ ನಡುವೆ, ಸುಮಾರು 215 ಅಡಿ ಚೌಕದ ಎತ್ತರವಾದ ಪಾಯದ ಮೇಲೆ, ಮೇಲ್ಛಾವಣಿ ಕಾಣದ ಕರಿಕಲ್ಲಿನ ಕಮಾನುಗಳು ನಿಂತಿವೆ: ಬಾರಾ ಕಮಾನ್. ಇದರ ನೆರಳು ಗೋಲಗುಮ್ಮಟದ ಮೇಲೆ ಬೀಳುತ್ತದೆಂದು ಕೆಲಸ ನಿಲ್ಲಿಸಿದರೆಂದು ಮಾರ್ಗದರ್ಶಿಗಳು ಹೇಳುತ್ತಾರೆ. ಎರಡಕ್ಕೂ ನಡುವೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ಉದ್ದದ ನೆರಳು ಕಥೆಗಳಿಗೆ ಮಾತ್ರ ಇರುತ್ತದೆ. ಕೆಲಸ ನಿಂತದ್ದಕ್ಕೆ ಬೇರೆ ಕಾರಣಗಳು ಸಾಕಷ್ಟಿದ್ದವು. ಅಲಿ ಪಟ್ಟಕ್ಕೆ ಬಂದ ಮರುವರ್ಷವೇ ಔರಂಗಜೇಬ ಗಡಿ ದಾಟಿದ. 1659ರಲ್ಲಿ ಶಿವಾಜಿಯ ಕೈಯಲ್ಲಿ ಅಫಜಲಖಾನ ಸತ್ತ. 1665ರ ಕೊನೆಗೆ ಜಯಸಿಂಹನ ಮೊಗಲ ಸೈನ್ಯ ಊರಿನ ಸಮೀಪಕ್ಕೆ ಬಂತು. ಮೂವತ್ತನಾಲ್ಕನೆಯ ವಯಸ್ಸಿಗೆ ಅಲಿ ತೀರಿಕೊಂಡಾಗ ಪಟ್ಟಕ್ಕೆ ಬಂದ ಸಿಕಂದರನಿಗೆ ನಾಲ್ಕೈದು ವರ್ಷ. ತಂದೆಯ ಕಮಾನು ಮುಗಿಸುವ ವಯಸ್ಸಲ್ಲ ಅದು.

ಜಯಸಿಂಹನ ಆ ದಂಡಯಾತ್ರೆಯಲ್ಲೇ ಅವ್ವನ ಪ್ರಶ್ನೆಗೆ ಅರ್ಧ ಉತ್ತರವಿದೆ. ಅವನನ್ನು ಹಿಂದಟ್ಟಿದ್ದು ಬರಿಯ ತೋಪು ಕತ್ತಿಗಳಲ್ಲ. ವಿಜಾಪುರದವರು ಕೋಟೆಯ ಸುತ್ತ ಹಲವು ಮೈಲಿ ನೆಲವನ್ನು ಹಾಳುಗೆಡವಿದರು. ನೌರಸಪುರ, ಶಾಹಪುರಗಳ ಕೆರೆಗಳ ನೀರನ್ನು ಹರಿಯಬಿಟ್ಟರು. ಬಾವಿಗಳನ್ನು ಹೂಳಿದರು, ಮರಗಳನ್ನು ಕಡಿದರು. ತಾವೇ ಕಟ್ಟಿದ ಕೆರೆಯನ್ನು ತಾವೇ ಬರಿದು ಮಾಡುವಾಗ ಆ ಜನಕ್ಕೆ ಏನೆನಿಸಿತೋ. ಮೊಗಲರು 1666ರ ಜನವರಿಯಲ್ಲಿ ಹಿಂದಿರುಗಿದರು. ಕೋಟೆಯ ಒಳಗಿನವರು ನೀರು ಕುಡಿದು ಬದುಕಿದರು. ಇಪ್ಪತ್ತು ವರ್ಷದ ಮೇಲೆ ಔರಂಗಜೇಬ ತಾನೇ ಬಂದಾಗ ಈ ಉಪಾಯ ನಡೆಯಲಿಲ್ಲ; 1685ರಲ್ಲಿ ಆರಂಭವಾದ ಮುತ್ತಿಗೆ 1686ರ ಸೆಪ್ಟೆಂಬರಿನಲ್ಲಿ ರಾಜ್ಯದೊಂದಿಗೆ ಮುಗಿಯಿತು. ಗುಮ್ಮಟಕ್ಕೆ ಆಗ ವಯಸ್ಸು ಮೂವತ್ತು.

ದಾರಿಯಲ್ಲಿ ಮಲಿಕ್-ಎ-ಮೈದಾನ ತೋಪನ್ನೂ ನೋಡಿದೆವು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್. ಬಾಯಲ್ಲಿ ಆನೆಯನ್ನು ಕಚ್ಚಿದ ಸಿಂಹದ ಮುಖವನ್ನು ಮಕ್ಕಳು ಬಿಟ್ಟುಬರಲು ಒಪ್ಪಲಿಲ್ಲ. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ 150 ರೂಪಾಯಿಗೆ ಹೋಯಿತಂತೆ. ಪುಣ್ಯಕ್ಕೆ ಆ ವ್ಯಾಪಾರ ರದ್ದಾಯಿತು.

ಇನ್ನು ಉತ್ತರದ ಉಳಿದರ್ಧ. ಪಡುವಣ ದಿಕ್ಕಿನ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ಊರಿಗೆ ನೀರು ತಂದಿದ್ದರು. ಕನ್ನಡ ಓದಿದವರಿಗೆ ಈ ಊರು ಬೇರೆ ಕಾರಣಕ್ಕೆ ಗೊತ್ತು: ಕುಮಾರ ವಾಲ್ಮೀಕಿಯೆನಿಸಿದ ನರಹರಿಯ 'ತೊರವೆ ರಾಮಾಯಣ'ದ ತೊರವೆ ಇದೇ. ಸುರಂಗದ ಮೇಲೆ ಅಲ್ಲಲ್ಲಿ ಬಾವಿಯಂಥ ಕಂಡಿಗಳು, ಗಾಳಿಗೆ, ಹೂಳು ತೆಗೆಯಲಿಕ್ಕೆ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ದಖ್ಖನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ತನ್ನ 2020ರ ಕಾಳಜಿಯ ಪಟ್ಟಿಗೆ ಸೇರಿಸಿದಾಗ ಇಲ್ಲಿಯ ಸುರಂಗ ಬಾವಡಿಯ ಹೆಸರು ದೂರದವರಿಗೂ ತಿಳಿಯಿತು. ಊರೊಳಗೆ ಬಾವಡಿಗಳಿದ್ದವು. ಇಬ್ರಾಹಿಮನ ರಾಣಿ ತಾಜ್ ಸುಲ್ತಾನಳ ಹೆಸರಿನ ತಾಜ್ ಬಾವಡಿ 1620ರದು, ಇನ್ನೂರು ಅಡಿಗೂ ಮೀರಿದ ಚೌಕ ಕೊಳ, ಮುಂದೆ ಅರಮನೆಗೆ ಒಪ್ಪುವಂಥ ಕಮಾನು. ಅದನ್ನು ಕಟ್ಟಿದವನೂ ಮಲಿಕ್ ಸಂದಲನೇ. ಬಹುಕಾಲ ಕಸ ತುಂಬಿಕೊಂಡಿದ್ದ ಅದನ್ನು ಈಚೆಗೆ ಕೆಲವು ವರ್ಷಗಳ ಹಿಂದೆ ಹೂಳೆತ್ತಿ ಶುದ್ಧಮಾಡಿದರು.

ಊರಿನ ತೆಂಕಣ ದಿಕ್ಕಿನ ಬೇಗಂ ತಲಾಬಿಗೆ ಬಂದಾಗ ಹೊತ್ತು ಇಳಿದಿತ್ತು. ಈ ಕೆರೆ 1651ರದು. ಕಟ್ಟಿಸಿದವನು ಗುಮ್ಮಟದ ಮಹಮ್ಮದನೇ, ಮೇಲ್ವಿಚಾರಣೆ ಮುಂದೆ ಶಿವಾಜಿಯ ಕೈಯಲ್ಲಿ ಸತ್ತ ಅಫಜಲಖಾನನದು. ಅತ್ತ ಗುಮ್ಮಟದ ಕೆಲಸ ಇನ್ನೂ ನಡೆದಿದ್ದಾಗಲೇ ಇತ್ತ ಏರಿ ಕಟ್ಟಿ ಮಣ್ಣಿನ ಕೊಳವೆಗಳಲ್ಲಿ ನೀರನ್ನು ಊರಿಗೆ ಹರಿಸಿದ್ದಾರೆ. ಅವ್ವನಿಗೆ ಇದನ್ನು ಹೇಳಿದೆ. "ಇದನ್ನ ಮಾಡಿದ್ನಲ್ಲಾ, ಅಷ್ಟು ಸಾಕು ಬಿಡು" ಎಂದಳು. ಅರಸನ ಬಗ್ಗೆ ಅವಳು ಆಡಿದ ಮಾತು ಅದೊಂದೇ.

ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಗಾರೆಗೋಪುರಗಳಿವೆ, ಗಂಜು ಎನ್ನುತ್ತಾರೆ. ನೀರು ಒಂದು ಮಗ್ಗುಲಲ್ಲಿ ಮೇಲೇರಿ ಇನ್ನೊಂದು ಮಗ್ಗುಲಲ್ಲಿ ಇಳಿಯುವಾಗ ಒತ್ತಡ ತಗ್ಗಿ ಮಣ್ಣಿನ ಕೊಳವೆ ಒಡೆಯದೆ ಉಳಿಯುತ್ತಿತ್ತು, ಹೂಳೂ ತಳಕ್ಕೆ ಇಳಿಯುತ್ತಿತ್ತು. ಕೆಲವು ಗಂಜುಗಳು ಇಂದಿಗೂ ಮನೆಗಳ ನಡುವೆ ನಿಂತಿವೆ; ಟಿಕೀಟಿಲ್ಲ, ಹೆಸರಿನ ಹಲಗೆಯಿಲ್ಲ. ಹೊರಡುವ ಮೊದಲು ಮಕ್ಕಳು ಅಂಥ ಮೂರನ್ನು ಎಣಿಸಿದರು. ನಾಲ್ಕನೆಯದು ಗಂಜೋ ಹಳೆಯ ಬುರುಜೋ ಎಂಬ ವಾದ ಕೋಲ್ಹಾರದ ಸೇತುವೆ ದಾಟುವವರೆಗೂ ತೀರಲಿಲ್ಲ.