ಈಗ ಬಂದೆ ಅಂದರೆ ಎಲ್ಲಿಗೆ?

ನನಗೆ ಸ್ಪ್ಯಾನಿಷ್ ಹೇಳಿಕೊಡುವ ಮೇಡಂ ಮೆಕ್ಸಿಕೋದ ಪುಎಬ್ಲಾದವರು. ಪಾಠವೆಲ್ಲ ಆನ್‌ಲೈನ್. ನಮ್ಮಲ್ಲಿ ಸಂಜೆ 7 ಆದರೆ ಅವರಲ್ಲಿ ಬೆಳಿಗ್ಗೆ ಏಳೂವರೆ. ಪುಸ್ತಕದಲ್ಲಿ ‘ಈಗ’ ಅನ್ನುವುದಕ್ಕೆ ‘ಅಓರಾ’ ಎಂದಿದೆ. ಮೇಡಂ ಬಾಯಲ್ಲಿ ಅದು ಬರುವುದೇ ಅಪರೂಪ, ಎಲ್ಲದಕ್ಕೂ ‘ಅಓರಿತಾ’.

ಒಂದು ಸಂಜೆ ಲ್ಯಾಪ್‌ಟಾಪ್ ತೆರೆದಿಟ್ಟು ಕಾಫಿಗೆ ಹಾಲು ಕಾಯಿಸುತ್ತಿದ್ದೆ. ಮೇಡಂ ಕರೆದರು. ಅಡುಗೆಮನೆಯಿಂದಲೇ ‘ಅಓರಿತಾ ಬೆಂಗೊ’ ಎಂದು ಕೂಗಿದೆ. ನನ್ನ ಲೆಕ್ಕದಲ್ಲಿ ಅದು ‘ಈಗ ಬಂದೆ’. ಲೋಟ ಹಿಡಿದು ಬಂದು ನೋಡಿದರೆ ಪರದೆ ಕಪ್ಪು. ಹತ್ತು ನಿಮಿಷ ಕಾದ ಮೇಲೆ ಅವರ ಮುಖ ಕಾಣಿಸಿತು. “ಇಷ್ಟು ಬೇಗ ವಾಪಸ್ ಬಂದಿರಾ?” ಎಂದು ಕೇಳಿದರು.

ನಾನು ಎಲ್ಲಿಗೂ ಹೋಗಿರಲಿಲ್ಲ. ಆದರೆ ಅವರ ಕಿವಿಗೆ ಬಿದ್ದದ್ದು ‘ಹೀಗೆ ಹೋಗಿ ಹಾಗೆ ಬರ್ತೀನಿ’ ಎಂಬ ಮಾತು. ಸ್ಪ್ಯಾನಿಷ್‌ನಲ್ಲಿ ಬರುವ ಕ್ರಿಯೆ ಯಾವಾಗಲೂ ಮಾತಾಡುವವರು ಇರುವ ಜಾಗದ ಕಡೆಗೆ. ಕರೆದವರ ಹತ್ತಿರ ನಾವು ಬರುವುದಿಲ್ಲ, ಹೋಗುತ್ತೇವೆ. ಹಾಗಾಗಿ ಯಾರಾದರೂ ಕರೆದರೆ ‘ಅಓರಿತಾ ಬೊಯ್’, ಈಗ ಹೋದೆ ಅನ್ನಬೇಕು. ‘ಅಓರಿತಾ ಬೆಂಗೊ’ ಅನ್ನುವುದು ಚಪ್ಪಲಿ ಮೆಟ್ಟಿ ಹೊಸಿಲು ದಾಟುವವರು. ನಮ್ಮಲ್ಲೂ ಹೊರಡುವವರು ‘ಬರ್ತೀನಿ’ ಅಂತಲೇ ಹೇಳುವುದು. ‘ಹೋಗ್ತೀನಿ’ ಅಂದರೆ ಅಜ್ಜಿ ಬಾಯಿ ಮುಚ್ಚಿಸುತ್ತಾಳೆ. ಆದರೆ ಕರೆದಾಗಲೂ ನಾವು ‘ಬಂದೆ’ ಅನ್ನುವವರೇ. ಬರುವುದು ಒಂದೇ ಮಾತು, ಎರಡು ಕಡೆ ಕೆಲಸ. ನಾನು ಎಡವಿದ್ದು ಆ ಎರಡನೆಯ ಕಡೆ.

ಪದದ ಹುಟ್ಟು ಸರಳ. ಲ್ಯಾಟಿನ್ನಿನ ‘ಹಾಕ್ ಹೋರಾ’, ಅಂದರೆ ‘ಈ ಹೊತ್ತಿನಲ್ಲಿ’, ಹಳೆಯ ಸ್ಪ್ಯಾನಿಷ್‌ನಲ್ಲಿ ‘ಅಗೋರಾ’ ಆಯಿತು. ಪೋರ್ಚುಗೀಸರು ಈಗಲೂ ಅಗೋರಾ ಅಂತಲೇ ಅನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ‘ಗ’ ಸವೆದು ಹೋಗಿ ಅಓರಾ ಉಳಿಯಿತು. ಅದಕ್ಕೆ ‘ಇತಾ’ ಎಂಬ ಬಾಲ ಸೇರಿದರೆ ಅಓರಿತಾ. ಇದು ಮುದ್ದಿನ ಬಾಲ, ಚಿಕ್ಕದು ಮಾಡುವ ಬಾಲ. ಮನೆ ‘ಕಾಸಾ’ ಆದರೆ ಪುಟ್ಟ ಮನೆ ‘ಕಾಸಿತಾ’. ಆ ಲೆಕ್ಕಕ್ಕೆ ಅಓರಿತಾ ಎಂದರೆ ಪುಟಾಣಿ ಈಗ, ‘ಈಗ’ಕ್ಕಿಂತಲೂ ಚಿಕ್ಕ ಈಗ.

ಬಳಕೆಯಲ್ಲಿ ನಡೆದದ್ದು ತಿರುಗಾಮುರುಗಾ. ಬಾಲ ಸೇರಿ ಹೊತ್ತು ಕುಗ್ಗಬೇಕಿತ್ತು, ಹಿಗ್ಗಿತು. ಮೆಕ್ಸಿಕೋದಲ್ಲಿ ‘ಅಓರಿತಾ ಮಾಡ್ತೀನಿ’ ಎಂದವರು ಈ ಕ್ಷಣಕ್ಕೇ ಮಾಡಬಹುದು, ಊಟ ಆದ ಮೇಲೆ ಮಾಡಬಹುದು, ಮಾಡದೆಯೂ ಇರಬಹುದು. ‘ಅಓರಿತಾ ಬಂದ’ ಎಂದರೆ ಇದೀಗ ತಾನೇ ಬಂದ. ಅದು ಆಗಿ ಹೋದ ಸಂಗತಿ. ಒಂದೇ ಪದ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ನಿಜಕ್ಕೂ ಈಗಿಂದೀಗಲೇ ಆಗಬೇಕಾದರೆ ಬಾಲಕ್ಕೊಂದು ಬಾಲ ಅಂಟಿಸಿ ‘ಅಓರಿತಿತಾ’ ಅನ್ನುತ್ತಾರೆ. ಅವಸರದ ಬಾಯಲ್ಲಿ ಅಓರಿತಾ ಬರೀ ‘ಒರಿತಾ’ ಆಗುವುದೂ ಉಂಟು, ನಮ್ಮ ‘ಈಗಲೇ’ ‘ಈಗ್ಲೇ’ ಆದ ಹಾಗೆ.

ನೀರು ದಾಟಿದರೆ ಇನ್ನೊಂದು ಪಜೀತಿ. ಪೋರ್ಟೊ ರಿಕೋದಲ್ಲಿ, ಡೊಮಿನಿಕನ್ ಗಣರಾಜ್ಯದಲ್ಲಿ ಅಓರಿತಾ ಅಂದರೆ ‘ಆಮೇಲೆ’. ಮೆಕ್ಸಿಕೋದವರೊಬ್ಬರು ಅಲ್ಲಿ ತಟ್ಟೆ ಮುಂದೆ ಕೂತು ಅಓರಿತಾ ಅಂದರೆ ಊಟ ಬಡಿಸುವುದು ತಡವಾದೀತು. ಸ್ಪೇನ್‌ನಲ್ಲಿ ಈ ತಂಟೆ ಕಡಿಮೆ, ಅಲ್ಲಿನವರಿಗೆ ‘ಅಓರಾ ಮಿಸ್ಮೊ’, ಅಂದರೆ ‘ಈಗಿಂದೀಗಲೇ’, ಸಾಕು.

ನನಗೆ ಹೆಚ್ಚು ಹಿಡಿಸಿದ್ದು ಇದರ ಇನ್ನೊಂದು ಮುಖ. ಮೆಕ್ಸಿಕೋದ ಬೀದಿಯಲ್ಲಿ ಮಾರುವವರು ಹತ್ತಿರ ಬಂದರೆ ಜನ ‘ಬೇಡ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ. ‘ಅಓರಿತಾ ನೋ, ಗ್ರಾಸಿಯಾಸ್’ ಅನ್ನುತ್ತಾರೆ. ಈಗ ಬೇಡ, ಧನ್ಯವಾದ. ಮತ್ತೆ ಯಾವತ್ತೂ ಕೊಳ್ಳುವುದಿಲ್ಲ ಎಂದು ಇಬ್ಬರಿಗೂ ಗೊತ್ತು, ಇಬ್ಬರಿಗೂ ಬೇಜಾರಿಲ್ಲ. ಇದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕಡೆ ಒಂದು ಕಾಲಕ್ಕೆ ಬಾಗಿಲ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’. ಮನೆಗೆ ಬಂದ ದೆವ್ವಕ್ಕೂ ‘ತೊಲಗು’ ಅನ್ನದೆ ದಿನ ಮುಂದೂಡಿದ ಜನ ನಾವು. ನಮಗೆ ಅಓರಿತಾ ಅರ್ಥವಾಗದೆ ಇನ್ಯಾರಿಗೆ ಅರ್ಥವಾಗಬೇಕು?

ಹೊರಗಿನವರು ಇದನ್ನು ಸೋಮಾರಿತನ ಎಂದು ನಗುವುದುಂಟು. ಆ ನಗೆ ನನಗೆ ಒಪ್ಪಿಗೆಯಿಲ್ಲ. ಗಡಿಯಾರ ನೋಡಿ ಹೇಳುವ ಮಾತು ಇದಲ್ಲ, ಎದುರಿಗಿರುವ ಮುಖ ನೋಡಿ ಹೇಳುವ ಮಾತು. ಎಷ್ಟು ಹೊತ್ತು ಎಂಬುದು ಪದದೊಳಗೆ ಇಲ್ಲ. ಜೊತೆಗಿರುವ ಕ್ರಿಯಾಪದದಲ್ಲಿದೆ, ದನಿಯಲ್ಲಿದೆ, ಹೇಳಿದವರು ಎದ್ದು ನಿಂತರೋ ಕೂತೇ ಇದ್ದರೋ ಎಂಬುದರಲ್ಲಿದೆ.

ನೀವೂ ಸ್ಪ್ಯಾನಿಷ್ ಕಲಿಯುವ ಮನಸ್ಸು ಮಾಡಿದ್ದರೆ ಇಷ್ಟು ನೆನಪಿರಲಿ: ಕರೆದವರಿಗೆ ‘ಬೊಯ್’ ಅನ್ನಿ. ‘ಬೆಂಗೊ’ ಅಂದಿರೋ, ನೀವು ಹೊರಗೆ ಹೋದಿರೆಂದು ಅವರು ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.